ಮೀನಖಂಡ

ಪೆಂಬ್ರೋಕ್‌ಶೈರಿನ ಇಳಿಜಾರಿನಲ್ಲಿ
ಏಪ್ರಿಲ್ಲಿನ ಹುಲ್ಲು, ಹಸಿರೋ ಹಸಿರು.
ಅದನ್ನೇ ಮೇಯುತ್ತ ಮೇಯುತ್ತ ಸೆರೆನ್ ಬಿದ್ದಳು.
ಕಿವಿ ಅದುರಿ, ಕಣ್ಣು ಮೇಲಾಗಿ,
ನಾಲ್ಕೂ ಕಾಲು ಗಾಳಿಯಲ್ಲಿ ಈಜಿ.

'ಎಳೆ ಹುಲ್ಲು, ಬರೀ ಬಣ್ಣ. ಒಳಗೆ ಸಾಲದು'
ಅಂದ ಪಶುವೈದ್ಯ ಇದ್ರಿಸ್, ಬಾಟಲಿ ಎತ್ತಿ ಹಿಡಿದು.
ಮೆಗ್ನೀಸಿಯಂ ನೀರು ತೊಗಲಿನಡಿ ಇಳಿಯಿತು, ತಣ್ಣಗೆ.
'ಬಿಗಿಯೋಕೆ ಸುಣ್ಣ, ಬಿಡಿಸೋಕೆ ಇದು.
ಎರಡೂ ಬೇಕು ಕಣಮ್ಮ.'

ಗ್ವೆನ್ಲಿಯನ್ ಮಾತಾಡಲಿಲ್ಲ. ಅವಳಿಗೂ
ರಾತ್ರಿ ಮೂರಕ್ಕೆ, ಮೀನಖಂಡದೊಳಗೆ,
ನೀರಿಲ್ಲದ ಮೀನೊಂದು ಒದ್ದಾಡುತ್ತದೆ.
ಎದ್ದು, ಕಲ್ಲುನೆಲಕ್ಕೆ ಅಂಗಾಲೊತ್ತಿ
ವೆಲ್ಷ್ ಭಾಷೆಯಲ್ಲಿ ಬೈಯುತ್ತಾಳೆ, ಯಾರನ್ನೋ.
ಅಡುಗೆಕಟ್ಟೆಯ ಮೇಲೆ
ತಂಗಿ ತಂದಿಟ್ಟ ಮಾತ್ರೆ ಡಬ್ಬಿ, ಸೀಲು ಒಡೆದಿಲ್ಲ.
ಡಾಕ್ಟರಮ್ಮ ಅಂದಿದ್ದರು:
'ತಗೊಂಡು ನೋಡಿ. ಗುಣ ಆದೀತು, ಆಗದೆಯೂ ಇದ್ದೀತು.
ಹೊಟ್ಟೆಯಂತೂ ಸಡಿಲ ಆಗುತ್ತೆ.'

ಮುಸ್ಸಂಜೆಗೆ ಸೆರೆನ್ ಎದ್ದು ನಿಂತಳು,
ಏನೂ ಆಗದವಳ ಹಾಗೆ ಬಾಲ ಬೀಸಿ.
ಗ್ವೆನ್ಲಿಯನ್ ಬಕೆಟ್ಟಿನಲ್ಲಿ ಬಿಳಿ ಪುಡಿ ಕಲಸಿದಳು,
ಕಹಿ ಮರೆಸಲು ಕಾಕಂಬಿ ಸುರಿದು.
ಬೆರಳಿಗೆ ಅಂಟಿದ್ದನ್ನು,
ಅತ್ತಿತ್ತ ನೋಡಿ,
ತಾನೂ ನೆಕ್ಕಿದಳು.