ನಾನೂರ ಹದಿಮೂರನೇ ಸಾಲು

ಭದ್ರಾವತಿ ಲೈಬ್ರರಿ. ರಾತ್ರಿ ಹನ್ನೊಂದೂಕಾಲು.
ಕಪ್ಪು ಪರದೆಗೆ ನಾಲ್ಕು ಸಾಲಿನ ಸ್ಕ್ರಿಪ್ಟು ಉಣಿಸಿ
ಕೂತಿದ್ದೇನೆ: ತೀರಿಕೊಂಡ ಸದಸ್ಯರನ್ನು
ಪಟ್ಟಿಯಿಂದ ತೆಗೆ.

ತೆಗೆಯಿತು. ಮುನ್ನೂರು, ನಾನೂರು,
ಉಸಿರೂ ಬಿಡದೆ. ಆಮೇಲೆ ನಿಂತಿತು
ಹೊಸ್ತಿಲು ಎಡವಿದ ಹಾಗೆ.

ಅಂತೋಣಿರಾಜ್, ಫೌಂಡ್ರಿ ಫಿಟ್ಟರ್.
ಅಳಿಸಲಾಗದು, ಅನ್ನುತ್ತದೆ ಡೇಟಾಬೇಸು;
ಬೇರೆ ಟೇಬಲ್ಲಿನ ಒಂದು ಸಾಲು
ಇವನ ನಂಬರು ಹಿಡಿದುಕೊಂಡು ಬಿಡುತ್ತಿಲ್ಲ.
ಜೇನು ಸಾಕುವ ಕೈಪಿಡಿ.
ಹಿಂತಿರುಗಿಸಿದ ದಿನ: ಖಾಲಿ.
ಖಾಲಿ ಅಂದರೆ ಇಲ್ಲಿ ಸೊನ್ನೆಯಲ್ಲ,
ಗೊತ್ತಿಲ್ಲ ಅಂತ.

ಕ್ಯಾಸ್ಕೇಡ್ ಅಂತ ಒಂದು ಪದ ಸೇರಿಸಿದರೆ
ಅವನ ಹಿಂದೆ ಬಾಕಿಯೂ ಹೋಗುತ್ತದೆ.
ಟೈಪು ಮಾಡಿದೆ.
ಅಳಿಸಿದೆ.

ರೋಲ್‌ಬ್ಯಾಕ್.
ನಾನೂರ ಹನ್ನೆರಡೂ ಜನ ವಾಪಸು, ತಂತಮ್ಮ ಜಾಗಕ್ಕೆ.

ನಾಳೆ ಸೇತುವೆ ದಾಟಿ
ಹಳೇನಗರದಲ್ಲಿ ಅವನ ಮನೆ ವಿಚಾರಿಸಬೇಕು.
ಪುಸ್ತಕ ಇರಲಿ.
ಪೆಟ್ಟಿಗೆಗೆ ಹುಳ ಬಂದವಾ ಅಂತ.