ಉಳಿದ ಗೆಣ್ಣು

ನನ್ನ ಗಂಡ ಗೌಸ್‌ಪೀರ್ ಎತ್ತುವುದು ಒಂದೇ ಸಲ.
ಹೆಬ್ಬೆರಳು ಕಿವಿಯ ತುದಿ ಮುಟ್ಟಿತೋ, ಮುಗಿಯಿತು,
ಸಲಾಮು ಕೊಡುವತನಕ ಮತ್ತೆ ಮೇಲೇಳುವುದಿಲ್ಲ ಆ ಕೈ.
ಮೈದುನ ಇದ್ರೀಸ್ ಬಾಗುವ ಮೊದಲೊಮ್ಮೆ ಎತ್ತುತ್ತಾನೆ
ಬಾಗಿ ಎದ್ದು ಇನ್ನೊಮ್ಮೆ.
ಹೋದ ರಂಜಾನಿನಲ್ಲಿ, ತರಾವೀಹ್ ಮುಗಿದ ಮೇಲೆ,
ಹಿಂದಿನ ಸಾಲಿನಿಂದ ಯಾರೋ ಅಂದರು:
'ನೊಣ ಓಡಿಸ್ತಾವ್ನೆ ನೋಡು.'
ಆ ನೊಣ ಮನೆಗೆ ಬಂತು.
ಈಗ ಶಿಡ್ಲಘಟ್ಟದ ಈ ಗಲ್ಲಿಯಲ್ಲಿ
ಒಂದೇ ಬಾಯ್ಲರಿನ ಎರಡು ಬದಿ
ಅಣ್ಣನ ಗೂಡು ಬೇರೆ, ತಮ್ಮನ ಗೂಡು ಬೇರೆ.

ಮೊದಲು ಮಾರುಕಟ್ಟೆಯಲ್ಲಿ ಕೈ ಎತ್ತಿ ಬೆಲೆ ಕೂಗುತ್ತಿದ್ದರಂತೆ.
ಈಗ ಇಬ್ಬರೂ ತಲೆ ಬಗ್ಗಿಸಿ ಫೋನು ಒತ್ತುತ್ತಾರೆ,
ಒಂದೇ ರಾಶಿಗೆ,
ಒಬ್ಬರ ಮೇಲೊಬ್ಬರು ಐದೈದು ರೂಪಾಯಿ ಏರಿಸುತ್ತಾ.

ಚಿಂತಾಮಣಿಯ ನಾನಿ, ಬಶೀರುನ್ನಿಸಾ,
ಬೆರಳ ಗೆಣ್ಣು ಹಿಡಿದು ಹೇಳಿಕೊಟ್ಟಿದ್ದಳು:
ಇದು ಫರ್ಜ್, ಬಿಟ್ಟರೆ ಪಾಪ.
ಇದು ವಾಜಿಬ್, ಅದರ ತಂಗಿ.
ಇದು ಸುನ್ನತ್, ಹುಜೂರರು ನಡೆದ ದಾರಿ,
ಹೆಜ್ಜೆ ಕಂಡರೆ ಹೆಜ್ಜೆ ಇಡು.
ಮುಬಾಹ್? ಮಾಡಿದರೂ ಅಷ್ಟೇ ಬಿಟ್ಟರೂ ಅಷ್ಟೇ,
ನಿನ್ನ ಬೈತಲೆ ಎಡಕ್ಕಾದರೇನು ಬಲಕ್ಕಾದರೇನು.
ಮಕ್ರೂಹ್ ಅಂದರೆ ಅಲ್ಲಾಹನಿಗೆ ಸೇರದು,
ಆದರೆ ಬಾಗಿಲಿಗೆ ಅಗುಳಿ ಹಾಕಿಲ್ಲ.
ಹರಾಮಿಗೆ ಬೀಗ.
'ಇನ್ನೂ ಎಷ್ಟೊಂದು ಗೆಣ್ಣು ಉಳಿದಾವಲ್ಲ ನಾನಿ?'
'ಅವು ಮುದ್ದೆ ತಿರುವೋಕೆ, ಏಳು.'

ಬಿಸಿನೀರಿನ ಬೇಸಿನ್ನಿನಿಂದೆದ್ದ ಬೆರಳಿಗೆ
ಹುಳು ಬಿಟ್ಟುಹೋದ ಗೋಂದು.
ವುಜೂಗೆ ಕೂತು ಉಗುರಿನಲ್ಲಿ ಕೆರೆಯುತ್ತೇನೆ.
ನೀರು ಚರ್ಮಕ್ಕೆ ತಾಗಲೇಬೇಕು, ಅದು ಫರ್ಜ್.
ಗೋಂದಿನ ಮಾತೆತ್ತಿ ಯಾರೂ
ಯಾರ ಜೊತೆಗೂ ಮಾತು ಬಿಟ್ಟಿದ್ದಿಲ್ಲ.

ಪಕ್ಕದ ಚರಕದ ಮುನಿವೆಂಕಟಮ್ಮ ಕೇಳಿದಳು,
'ನಿಮ್ಮೋರದ್ದು ಏನಮ್ಮಿ ಅದು ಕೈ ಜಗಳ?'
ಹೇಳಿದೆ. ಎಳೆ ಹುಡುಕುತ್ತಲೇ ನಕ್ಕಳು:
'ಪೊಲೀಸ್ನೋರು ಒಂದ್ಸಲ ಅಂದ್ರೆ ಸಾಕು, ಎರಡೂ ಎತ್ತೀವಿ.
ಅಷ್ಟಿದ್ದೋನು ದೇವ್ರು, ಲೆಕ್ಕ ಇಟ್ಕೊಂತಾನಾ?'
ಇಟ್ಟುಕೊಳ್ಳುತ್ತಾನೆ, ಅಂದೆ.
ಅಂದ ಮೇಲೆ ನನಗೇ ಅನುಮಾನ
ಯಾವುದರ ಲೆಕ್ಕ ಅಂತ. ಎರಡು ವಾರದ ಅವಳ ಕೂಲಿ
ನಮ್ಮಿಬ್ಬರ ಮನೆಯಲ್ಲೂ ಬಾಕಿ ಇತ್ತು.

ಮಗ್ರಿಬ್ ಹೊತ್ತಿಗೆ ನಾನೂ ವಾರಗಿತ್ತಿ ಮೆಹರಾಜಳೂ
ಗೂಡಿನ ಚೀಲ ಸರಿಸಿ, ಒಂದೇ ಚಾಪೆಯಲ್ಲಿ.
ಹೆಂಗಸರ ಕೈ ಹೆಗಲವರೆಗೆ ಸಾಕು,
ದುಪಟ್ಟಿಯ ಒಳಗೇ.
ಅವಳು ಎಷ್ಟು ಸಲ ಎತ್ತಿದಳೋ ನನಗೆ ಗೊತ್ತಿಲ್ಲ,
ನಾನು ಎಷ್ಟು ಸಲವೋ ಅವಳಿಗೆ.
ಬಟ್ಟೆ ಅಲುಗುತ್ತದೆ. ಅದು ಫ್ಯಾನಿನ ಗಾಳಿಯೂ ಇರಬಹುದು.

ನಿನ್ನೆ ಬಾಗಿ ಎದ್ದಾಗ ನನ್ನ ಬಲಗೈ
ತಾನಾಗಿ ಮೇಲಕ್ಕೆ ಹೋಯಿತು,
ಮೂವತ್ತು ವರ್ಷ ಕಡಿದ ಎಳೆ ಹಿಡಿಯಲು ಹೋದಂತೆ.
ಹಿಡಿದೆನೋ ಇಲ್ಲವೋ.
ಗಂಡನ ಕೈಯಲ್ಲ ಅದು, ಮೈದುನನದೂ ಅಲ್ಲ.
ಅದು ಯಾವ ಗೆಣ್ಣಿಗೆ ಸೇರಿತು ನಾನಿ, ಅಂತ
ಸಲಾಮು ಕೊಟ್ಟು ಬೆರಳು ನೋಡುತ್ತಾ ಕೂತಿದ್ದೆ.
ಒಳಗಿಂದ ಮುನಿವೆಂಕಟಮ್ಮ:
'ನೀರು ಕುದೀತೈತೆ, ಯಾರಾನ ಬನ್ರಮ್ಮೋ!'
ಇಬ್ಬರೂ ಒಟ್ಟಿಗೇ ಎದ್ದೆವು.