ಮೊಳೆ

ಪೆಟ್ಟಿಗೆಗೆ ಎಂಟು ಮೊಳೆ ಸಾಕು ಅಂದ
ಗಫಾರ್ ಸಾಬ್, ನಾಲ್ಕನ್ನು ತುಟಿಯಲ್ಲೇ ಕಚ್ಚಿಕೊಂಡು.
ಸಿಲ್ವರ್ ಓಕ್ ಹಲಗೆ. ನಿನ್ನಷ್ಟು ಹಗುರದವಳಿಗೆ
ಅದೇ ಹೆಚ್ಚು, ಅಕ್ಕ.
ನಾನು ಅಂಗಡಿ ಮುಂದೆ ನಿಂತು
ಒಂದೊಂದೇ ಏಟು ಎಣಿಸಿದೆ.

ಹಾಸನದಲ್ಲೀಗ ಬೀಜದ ಕಾಲ. ಜಲಂಧರದ ಲಾರಿಗಳು
ಮಂಡಿ ಗೇಟಿನಾಚೆಗೂ ಸಾಲು ನಿಂತಿವೆ.
ಇಪ್ಪತ್ತೆಂಟು ವರ್ಷ ಒಂದೇ ಗೋಣಿ ಹಾಸಿ ಕೂತವರು,
ಒಂದೇ ಮನೆಗೆ ಸೊಸೆಯಾಗಿ ಬಂದ ವಾರಗಿತ್ತಿಯರು,
ಬೆಳಗಿಂದ ಬೈಗಿನವರೆಗೆ ಆಲೂಗಡ್ಡೆ ಕೊಯ್ದವರು.
"ಹೋಳಿಗೊಂದು ಕಣ್ಣಿರಲಿ ಕಣೆ," ನೀನು ಕಲಿಸಿದ್ದು,
"ಕಣ್ಣಿಲ್ಲದ್ದು ಸಾರಿಗೆ, ಕಣ್ಣಿದ್ದದ್ದು ಮಣ್ಣಿಗೆ.
ಕೊಯ್ದ ಮೇಲೆ ನೆರಳಲ್ಲಿ ಹರವು, ಗಾಯ ಒಣಗಲಿ.
ಹಸಿಗಾಯಕ್ಕೆ ಮಣ್ಣು ಹಾಕಬಾರದು."

ಮಿಷನ್ ಆಸ್ಪತ್ರೆ, ಹೆಂಗಸರ ವಾರ್ಡು,
ಕಿಟಕಿ ಪಕ್ಕದ ಮಂಚ. ಸೂಜಿ ಚುಚ್ಚಲು
ನರ ಸಿಗದೆ ಅಳುಮುಖವಾದ ನರ್ಸಿಗೆ
ನೀನೇ ಸಮಾಧಾನ ಹೇಳಿದೆ.
ಸಭಾಪಾಲಕರು ಬಂದು ಪ್ರಾರ್ಥಿಸಿ
ನಿರೀಕ್ಷೆ, ಮಹಿಮೆ, ಹೊಸ ದೇಹ ಎಂದೆಲ್ಲ ಹೇಳಿ ಹೋದ ಮೇಲೆ
ನನಗೆ ಸಿಟ್ಟು ಬಂತು. ಕೇಳಿಯೇ ಬಿಟ್ಟೆ:
"ಅಗೆಯುವಾಗ ನೋಡಿಲ್ಲವಾ ನೀನು?
ಹೊಸ ಗೆಡ್ಡೆ ಏಳು ಸಿಗುತ್ತವೆ, ಎಂಟು ಸಿಗುತ್ತವೆ,
ನೆಟ್ಟ ಹೋಳು ಮಾತ್ರ ಖಾಲಿ ಸಿಪ್ಪೆ,
ಬೆರಳು ತಾಗಿದರೆ ನೀರು.
ಅಂಗಮಾರಿ ಬಂದ ವರ್ಷ ಅದೂ ಇಲ್ಲ,
ಹೊಲಕ್ಕೆ ಹೊಲವೇ ನಾರುತ್ತದೆ.
ನನಗೆ ಬೇಡ ಹೊಸ ದೇಹದ ದೀನಮ್ಮ.
ಈ ಕೈಯೇ ಬೇಕು. ಚಾಕು ಜಾರಿ
ಉಗುರು ಎರಡಾಗಿ ಬೆಳೆದ ಈ ಹೆಬ್ಬೆರಳೇ ಬೇಕು."

ನೀನು ಬಹಳ ಹೊತ್ತು ಸುಮ್ಮನಿದ್ದೆ.
ಹೊರಗೆ ಯಾರೋ ಎಳನೀರು ಕೊಚ್ಚುತ್ತಿದ್ದರು.
ಆಮೇಲೆ ಆ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿ,
"ಎದ್ದು ಬಂದಾಗಲೂ ಯೇಸಪ್ಪನ ಕೈಯಲ್ಲಿ
ಮೊಳೆ ಹೊಡೆದ ತೂತು ಹಂಗೇ ಇತ್ತಲ್ಲವೇನೆ?
ನಂಬದವನಿಗೆ ತೋರಿಸಿದ್ದೇ ಅದನ್ನ.
ಗಾಯ ಇಲ್ಲದ ಕೈಯಲ್ಲಿ ಬರಬಹುದಿತ್ತು. ಬರಲಿಲ್ಲ.
ಈ ಉಗುರು ನೋಡಿ ನನ್ನ ಗುರುತು ಹಿಡಿ."
ಅಷ್ಟಕ್ಕೇ ದಣಿದು, "ಗಂಜಿ ಆರ್ತಾ ಅದೆ," ಅಂದೆ.

ಸಮಾಧಿ ತೋಟ ಅನ್ನುತ್ತೇವೆ ನಾವು. ಇರುವುದು
ಒಂದು ಗಸಗಸೆ ಹಣ್ಣಿನ ಮರ, ಮುರಿದ ನಲ್ಲಿ,
ಸುಣ್ಣ ಉದುರಿದ ಶಿಲುಬೆಗಳು.
ಮರದ ಬುಡದಲ್ಲಿ ನಿನ್ನ ಎರಡು ದಿನದ ಮಗು,
ಹೆಸರಿಡುವ ಮೊದಲೇ ಹೋದದ್ದು.
ಪ್ರತಿ ವರ್ಷ ಅಲ್ಲೊಂದು ಹೋಳು ನೆಡುತ್ತಿದ್ದೆ ನೀನು.
ಕಾವಲಿನವನು ಬೈದರೆ ನಗುತ್ತಿದ್ದೆ:
"ಎದ್ದವನನ್ನ ಮೊದಲು ಕಂಡವಳು
ತೋಟದವನು ಅಂದುಕೊಂಡಳಂತೆ. ತಪ್ಪೇನು ಹೇಳು,
ತೋಟದವನೇ ಅಲ್ಲವಾ?"

ಅದರ ಪಕ್ಕದಲ್ಲೇ ತೋಡಿಸಿದೆವು.
ಹಸಿಗಾಯಕ್ಕೆ ಮಣ್ಣು ಹಾಕಬಾರದು ಅಂದವಳಿಗೆ
ಮಾರನೇ ಮಧ್ಯಾಹ್ನವೇ ಮೂರು ಹಿಡಿ ಹಾಕಿದೆ.
ಗಾಯ ನನ್ನದು. ಒಣಗಿರಲಿಲ್ಲ.
ರೆಪ್ಪೆ ಮುಚ್ಚಿದವಳೂ ನಾನೇ,
ಆದರೂ ಮಣ್ಣು ಹಲಗೆಗೆ ಬಿದ್ದು ಸದ್ದಾದಾಗ ಅನ್ನಿಸಿತು:
ಕಣ್ಣಿರುವ ಹೋಳನ್ನೇ ಇಟ್ಟಿದ್ದೇವೆ,
ಮೂಡಲಿಗೆ, ಮೇಲ್ಮುಖವಾಗಿ.

ಇವತ್ತು ಮತ್ತೆ ಮಂಡಿಗೆ ಹೋದೆ.
ಈಸ್ಟರಿಗೆ ಇನ್ನು ಹತ್ತು ದಿನ, ಕೂಲಿ ಬಿಡುವ ಹಾಗಿಲ್ಲ.
ನಿನ್ನರ್ಧ ಗೋಣಿಯ ಮೇಲೆ ಹೊಸ ಹುಡುಗಿ,
ಕೌಶಿಕದ ಕಡೆಯವಳು, ಚಾಕು ಹಿಡಿಯಲೂ ಬಾರದು.
"ಅಮ್ಮಾ, ಇದ್ಕೆ ಆಗ್ಲೇ ಮೊಳೆ ಬಂದ್ಬುಟ್ಟದೆ,
ಎಸೆದ್ಬಿಡ್ಲಾ?"

ಬಿಳಿ ಮೊಳೆ. ಅಕ್ಕಿಕಾಳಿನಷ್ಟು.
ಹೊಡೆಯುವಾಗ ಬಾಗಿತೆಂದು ಸಾಬ್ ಕಿತ್ತೆಸೆದ ಎಂಟನೆಯದು
ನನ್ನ ಸೆರಗಿನ ಗಂಟಲ್ಲಿದೆ, ತುಕ್ಕು ಸಹ ಹಿಡಿದಿಲ್ಲ.
ಮರಕ್ಕೆ ಹೊಡೆಯುವುದಕ್ಕೂ ಮಣ್ಣಿಂದ ಏಳುವುದಕ್ಕೂ
ಒಂದೇ ಹೆಸರಿಟ್ಟವರು ಯಾರೋ.

"ಬ್ಯಾಡ ಕಣವ್ವ," ಅಂದೆ. "ಮುರೀದಂಗೆ ಹಿಡ್ಕೊ.
ಅದೊಂದನ್ನ ಪಕ್ಕಕ್ಕಿಡು.
ಸಂಜೆ ನನಗೆ ಬೇಕು."